ಪಿಂಪ್ರಿ-ಚಿಂಚವಾಡದ ಒಂದು ಮನೆಯಲ್ಲಿ ದೊರೆತ ಜರ್ಮನ್ ನೋಟು: ವರ್ಣನೆ ಮತ್ತು ಕಾಲನಿರ್ಣಯ

ಹೊರನಾಡಿನ ಕನ್ನಡಿಗರ ಮನೆಗಳಲ್ಲಿ ಆಕರಗಳನ್ನು ಅರಸಿಕೊಂಡು ಹೋಗುವ ನಮ್ಮಲ್ಲಿ ಹೆಚ್ಚಿನವರು ಓಲೆಗರಿ, ಕಡತ, ಕೈಫಿಯತ್ತುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಹೋಗುತ್ತೇವೆ. ಉದ್ಯೋಗಕ್ಕಾಗಿ ಊರು ಬಿಟ್ಟವರ ಮನೆಗಳಲ್ಲಿ ಇವು ಸಿಗುವುದು ಅಪರೂಪ. ಸಿಗುವುದು ಬೇರೆಯದು: ಹಳೆಯ ರಶೀದಿ, ಕಾರ್ಖಾನೆಯ ಗುರುತಿನ ಚೀಟಿ, ದೇವಾಲಯದ ಅಥವಾ ಸಭೆಯ ಲೆಕ್ಕದ ಪುಸ್ತಕ, ಭಾವಚಿತ್ರ, ಒಮ್ಮೊಮ್ಮೆ ಪರದೇಶದ ನಾಣ್ಯ ಅಥವಾ ನೋಟು. ಇವುಗಳನ್ನು ಆಕರವೆಂದು ಎಣಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಬೆಳೆದಿಲ್ಲ. ಈ ಲೇಖಕನೂ ಅದಕ್ಕೆ ಹೊರತಲ್ಲ. ಮಧ್ಯಕಾಲೀನ ಕಾವ್ಯಗಳ ಪಾಠಪರಿಷ್ಕರಣದಲ್ಲಿ ವರ್ಷಗಳನ್ನು ಕಳೆದ ನನಗೆ ನೂರು ವರ್ಷಗಳ ಹಿಂದಿನ ಒಂದು ಅಚ್ಚಿನ ಕಾಗದವನ್ನು ಶಾಸ್ತ್ರೀಯವಾಗಿ ವರ್ಣಿಸುವ ಸಂದರ್ಭ ಬಂದುದು ಆಕಸ್ಮಿಕ. ಆ ಅನುಭವದಲ್ಲಿ ಹೊರನಾಡಿನ ಸಂಶೋಧಕರಿಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳಿವೆಯೆಂಬ ಭಾವನೆಯಿಂದ ಈ ಟಿಪ್ಪಣಿಯನ್ನು ಬರೆಯಲಾಗಿದೆ.

ಪುಣೆಯ ವಾಯವ್ಯಕ್ಕೆ ಪವನಾ ನದಿಯ ಎರಡೂ ದಡಗಳಲ್ಲಿ ಹಬ್ಬಿರುವ ಪಿಂಪ್ರಿ-ಚಿಂಚವಾಡ ಇಂದು ದೊಡ್ಡ ಔದ್ಯೋಗಿಕ ನಗರ. ಚಿಂಚವಾಡದ ಹಳೆಯ ಹೆಸರು ಮೋರಯಾ ಗೋಸಾವಿಯವರ ಗಣಪತಿ ಕ್ಷೇತ್ರದಿಂದ ಬಂದ ಖ್ಯಾತಿ. ಆ ಸಂತರ ಮನೆತನ ಬೀದರ ಸೀಮೆಯಿಂದ ಬಂದುದೆಂದು ಒಂದು ಪರಂಪರೆ ಹೇಳುತ್ತದೆ. ಅದು ನಿಜವಾದರೆ ಕನ್ನಡ ನಾಡಿಗೂ ಈ ಊರಿಗೂ ಇರುವ ನಂಟು ಕಾರ್ಖಾನೆಗಳಿಗಿಂತ ಬಹಳ ಹಿಂದಿನದು. ಊರಿನ ಈಗಿನ ರೂಪ ಮಾತ್ರ 1954ರಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಪಿಂಪ್ರಿಯಲ್ಲಿ ಸ್ಥಾಪನೆಯಾದಂದಿನಿಂದ ಬೆಳೆದುದು. 1960ರ ದಶಕದಲ್ಲಿ ಟೆಲ್ಕೊ, ಅಕುರ್ಡಿಯ ಬಜಾಜ್ ಟೆಂಪೊ ಮೊದಲಾದವು ಬಂದವು. 1970ರಲ್ಲಿ ನಗರಪರಿಷತ್ತು, 1982ರಲ್ಲಿ ಮಹಾನಗರಪಾಲಿಕೆ ಏರ್ಪಟ್ಟವು. ಈ ಕಾರ್ಖಾನೆಗಳಿಗೆ ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಗಳಿಂದ ಬಂದ ಕನ್ನಡಿಗರ ಜೊತೆಗೆ ದಕ್ಷಿಣ ಕನ್ನಡದಿಂದಲೂ ಕೆಲವು ಕುಟುಂಬಗಳು ಬಂದು ನೆಲೆಸಿದವು. ಯಂತ್ರಗಳ ಕೆಲಸ ಬಲ್ಲವರಿಗೆ ಇಲ್ಲಿ ಬೇಡಿಕೆಯಿತ್ತು.

ಅಂಥ ಒಂದು ಕುಟುಂಬದ ಮನೆಗೆ ನಾನು ಹೋದುದು ಅವರಲ್ಲಿದ್ದ ಬಾಸೆಲ್ ಮಿಶನ್ ಮುದ್ರಣಾಲಯದ ಹಳೆಯ ಕನ್ನಡ ಪುಸ್ತಕಗಳನ್ನು ನೋಡಲು. ಪುಸ್ತಕಗಳು ಐದಾರು ಮಾತ್ರ ಇದ್ದವು. ನೋಡಿ ಮುಗಿಸಿದ ಮೇಲೆ ಮನೆಯ ಹಿರಿಯ ತಾಯಿ ತಮ್ಮ ಕನ್ನಡ ಗೀತಪುಸ್ತಕವನ್ನು ತಂದು, ಅದರ ನಡುವಿನಿಂದ ಎರಡಾಗಿ ಮಡಿಸಿದ ಕಂದುಬಣ್ಣದ ದೊಡ್ಡ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟರು. "ಇದನ್ನೊಂದು ಓದಿ ಹೇಳಿ ಸರ್, ಇಷ್ಟು ವರ್ಷ ಯಾರೂ ಸರಿಯಾಗಿ ಓದಿಲ್ಲ" ಎಂದರು. ಅದು ಒಂದು ಸಾವಿರ ಮಾರ್ಕ್‌ಗಳ ಜರ್ಮನ್ ನೋಟು.

ಅದರ ಹಿಂದಿನ ಕಥೆಯನ್ನು ಆಕೆಯೇ ಹೇಳಿದರು. ಆಕೆಯ ಗಂಡನ ಅಜ್ಜ ಮಂಗಳೂರಿನ ಮಿಶನ್ ಕಾರ್ಖಾನೆಯಲ್ಲಿ ಬರವಣಿಗೆಯ ಕೆಲಸದಲ್ಲಿದ್ದವರು. ಮೊದಲನೆಯ ಮಹಾಯುದ್ಧ ಆರಂಭವಾಗಿ ಸರ್ಕಾರದವರು ಜರ್ಮನ್ ಪಾದ್ರಿಗಳನ್ನು ಹಿಡಿದುಕೊಂಡು ಹೋಗುವಾಗ, ಅವರಲ್ಲೊಬ್ಬರು ಅಜ್ಜನ ಕೈಯಲ್ಲಿ ಈ ನೋಟನ್ನಿಟ್ಟು, ಯುದ್ಧ ಮುಗಿದ ಮೇಲೆ ಇದನ್ನು ಬರ್ಲಿನ್ನಿಗೆ ಯಾರು ಒಯ್ದು ಕೊಟ್ಟರೂ ಹಣ ಕೊಡುತ್ತಾರೆ, ಹೆಸರು ಕೂಡ ಕೇಳುವುದಿಲ್ಲ ಎಂದರಂತೆ. ಅಜ್ಜ ಒಯ್ಯಲಿಲ್ಲ. ಮೂರು ತಲೆಮಾರು ಅದನ್ನು ಕಾಪಾಡಿಕೊಂಡು ಬಂದಿತು. ಈಗ ಆಕೆಯ ಮೊಮ್ಮಗಳು ಇಂಜಿನಿಯರಿಂಗ್ ಓದಬೇಕಾಗಿದೆ. ಒಬ್ಬ ವ್ಯಾಪಾರಿ ಇದಕ್ಕೆ ಲಕ್ಷಗಟ್ಟಲೆ ಬೆಲೆಯಿದೆಯೆಂದು ಹೇಳಿ ಆಸೆ ಹುಟ್ಟಿಸಿದ್ದನು. ನೋಟು ಹಾಳಾಗದಿರಲೆಂದು ಮಗ ಅದನ್ನು ಲ್ಯಾಮಿನೇಷನ್ ಮಾಡಿಸಲು ಹೊರಟಿದ್ದರು. ನಾನು ಆ ದಿನ ಮಾಡಿದ ಉಪಕಾರ ಏನಾದರೂ ಇದ್ದರೆ ಅದನ್ನು ತಪ್ಪಿಸಿದುದು. ಬಿಸಿಯಿಂದ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸಲಾಗದು, ಬಿಡಿಸಹೋದರೆ ಕಾಗದದ ಮೇಲ್ಪದರವೇ ಕಿತ್ತುಬರುತ್ತದೆ. ಹಾಗೆ ಹಾಳಾದ ಓಲೆಗಳನ್ನೂ ಕಾಗದದ ಪ್ರತಿಗಳನ್ನೂ ನಾನು ಬೇಕಾದಷ್ಟು ಕಂಡಿದ್ದೇನೆ.

ನೋಟನ್ನು ಕಿಟಕಿಯ ಬೆಳಕಿನಲ್ಲಿಟ್ಟು ಹಸ್ತಪ್ರತಿಯನ್ನು ವರ್ಣಿಸುವ ಕ್ರಮದಲ್ಲಿಯೇ ವರ್ಣಿಸತೊಡಗಿದೆನು. ಅಳತೆ 187 ಮಿಲಿಮೀಟರ್ ಅಗಲ, 110 ಮಿಲಿಮೀಟರ್ ಎತ್ತರ. ಮುಂಬದಿಯ ಬಣ್ಣ ಕಂದು. ಅಕ್ಷರಗಳು ಜರ್ಮನರು ಆಗ ಬಳಸುತ್ತಿದ್ದ ಮುರಿದ ರೇಖೆಗಳ ಗಾಥಿಕ್ ಲಿಪಿ. ನಮ್ಮ ಕಿಟೆಲ್, ಮೋಗ್ಲಿಂಗ್ ಮೊದಲಾದವರು ಬಾಲ್ಯದಲ್ಲಿ ಓದಲು ಕಲಿತ ಲಿಪಿಯೂ ಇದೇ. ಬರೆಹದ ತಾತ್ಪರ್ಯ ಹೀಗಿದೆ: ಬರ್ಲಿನ್ನಿನಲ್ಲಿರುವ ರೈಖ್ಸ್‌ಬ್ಯಾಂಕಿನ ಮುಖ್ಯ ಖಜಾನೆಯು ಈ ನೋಟನ್ನು ತಂದು ಒಪ್ಪಿಸುವವನಿಗೆ, ಅವನು ಯಾರೆಂಬುದನ್ನು ವಿಚಾರಿಸದೆ, ಒಂದು ಸಾವಿರ ಮಾರ್ಕ್ ಸಲ್ಲಿಸುತ್ತದೆ. ಅದರ ಕೆಳಗೆ ಬರ್ಲಿನ್, 21 ಏಪ್ರಿಲ್ 1910 ಎಂಬ ಸ್ಥಳ ಮತ್ತು ದಿನಾಂಕ, ರೈಖ್ಸ್‌ಬ್ಯಾಂಕ್ ಆಡಳಿತ ಮಂಡಳಿ ಎಂಬ ಹೆಸರು, ಸಾಲಾಗಿ ಸದಸ್ಯರ ಸಹಿಗಳು. ಮೊದಲನೆಯದು 1908ರಿಂದ ಬ್ಯಾಂಕಿನ ಅಧ್ಯಕ್ಷನಾಗಿದ್ದ ರುಡಾಲ್ಫ್ ಹಾವೆನ್‌ಸ್ಟೈನನದು. ಹಿಂಬದಿಯಲ್ಲಿ ಕಿರೀಟವುಳ್ಳ ರಾಜಲಾಂಛನ ಮತ್ತು ಅದರ ಎರಡೂ ಪಕ್ಕಗಳಲ್ಲಿ ನೌಕಾಯಾನ, ಬೇಸಾಯಗಳನ್ನು ಸಂಕೇತಿಸುವ ಆಕೃತಿಗಳು. ಕಾಗದದಲ್ಲಿ ಬಣ್ಣದ ನಾರಿನ ಎಳೆಗಳು ಹುದುಗಿವೆ. ಕಳ್ಳನೋಟನ್ನು ತಡೆಯಲು ಮಾಡಿದ ಏರ್ಪಾಡು ಅದು.

ಸ್ಥಿತಿ: ನಡುವೆ ಒಂದೇ ಮಡಿಕೆ, ಅದೂ ಗಟ್ಟಿಯಾಗಿ ಒತ್ತಿದುದು. ಮೇಲಿನ ಎಡಮೂಲೆಯಲ್ಲಿ ಗುಂಡುಸೂಜಿಯ ತುಕ್ಕಿನ ಕಲೆ. ಅಂಚುಗಳು ಹರಿದಿಲ್ಲ. ಕೈಯಿಂದ ಕೈಗೆ ಹೋದ ನೋಟುಗಳ ಮೂಲೆಗಳಲ್ಲಿ ಎಣಿಸುವ ಬೆರಳಿನ ಜಿಡ್ಡು ಹತ್ತಿರುತ್ತದೆ, ಅದು ಇಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬ್ಯಾಂಕಿನ ಮುದ್ರೆಯ ಬಣ್ಣ ಹಸಿರು, ಕ್ರಮಾಂಕದ ಬಣ್ಣವೂ ಹಸಿರು.

ಈ ಕೊನೆಯ ವಾಕ್ಯವನ್ನು ಬರೆದಾಗ ನನಗೆ ಅದರ ಮಹತ್ವ ತಿಳಿದಿರಲಿಲ್ಲ. ಹಿಂದಿರುಗಿ ಬಂದು ನೋಟುಗಳ ಪಟ್ಟಿಗಳನ್ನು ತೆರೆದು ನೋಡಿದಾಗ ತಿಳಿಯಿತು. 1910ರ ಏಪ್ರಿಲ್ 21ರ ದಿನಾಂಕವುಳ್ಳ ಸಾವಿರ ಮಾರ್ಕಿನ ನೋಟುಗಳು ಎರಡು ಬಗೆ. ಯುದ್ಧಪೂರ್ವದಲ್ಲಿಯೂ ಯುದ್ಧಕಾಲದಲ್ಲಿಯೂ ಅಚ್ಚಾದವುಗಳಿಗೆ ಕೆಂಪು ಮುದ್ರೆ. ಯುದ್ಧ ಸೋತ ಮೇಲೆ, 1918ರಿಂದ 1922ರವರೆಗೆ, ಅದೇ ನಕ್ಷೆಯನ್ನು, ಅದೇ ದಿನಾಂಕವನ್ನು, ಅದೇ ಸಹಿಗಳನ್ನು ಇಟ್ಟುಕೊಂಡು ಬ್ಯಾಂಕು ಮತ್ತೆ ಅಚ್ಚು ಹಾಕಿಸಿತು. ಅವುಗಳಿಗೆ ಹಸಿರು ಮುದ್ರೆ. ಚಕ್ರವರ್ತಿ ಪದಚ್ಯುತನಾಗಿ ದೇಶ ತೊರೆದಿದ್ದನು, ಆದರೆ ಅವನ ಕಿರೀಟ ನೋಟಿನ ಹಿಂಬದಿಯಲ್ಲಿ ಹಾಗೆಯೇ ಅಚ್ಚಾಗುತ್ತಿತ್ತು. ಜನ ನಂಬಿದ್ದ ಹಳೆಯ ರೂಪವನ್ನು ಬಿಡುವುದು ಬ್ಯಾಂಕಿಗೆ ಅನುಕೂಲವಾಗಿರಲಿಲ್ಲವೆಂದು ತೋರುತ್ತದೆ.

ಹಸ್ತಪ್ರತಿಗಳ ವ್ಯಾಸಂಗ ಮಾಡಿದವರಿಗೆ ಇದು ಹೊಸ ಸಂಗತಿಯಲ್ಲ. ಲಿಪಿಕಾರನು ತನ್ನ ಮಾತೃಕೆಯ ಪುಷ್ಪಿಕೆಯನ್ನು ಅದರ ಸಂವತ್ಸರ, ಮಾಸ, ತಿಥಿಗಳ ಸಹಿತ ಯಥಾವತ್ತಾಗಿ ಪ್ರತಿಮಾಡಿಬಿಡುತ್ತಾನೆ. ಆಗ ಓಲೆಯಲ್ಲಿ ಹೇಳಿದ ಕಾಲ ಬೇರೆ, ಓಲೆಯ ಕಾಲ ಬೇರೆ. ನಿರ್ಣಯಕ್ಕೆ ನಾವು ಅಕ್ಷರಗಳ ಸ್ವರೂಪವನ್ನೂ ಓಲೆಯ ಸ್ಥಿತಿಯನ್ನೂ ನೋಡುತ್ತೇವೆ. ಗಂಗರ ಹೆಸರಿನ ಕೆಲವು ತಾಮ್ರಶಾಸನಗಳನ್ನು ಅವು ಹೇಳುವ ಕಾಲಕ್ಕಿಂತ ಈಚಿನ ಲಿಪಿಯ ಬಲದಿಂದ ಕೂಟಶಾಸನಗಳೆಂದು ವಿದ್ವಾಂಸರು ಗುರುತಿಸಿದುದೂ ಇದೇ ದಾರಿಯಲ್ಲಿ. ಆದರೆ ಹಸಿರು ಮುದ್ರೆಯ ನೋಟು ಕೂಟವಲ್ಲ. ಅಧಿಕೃತ ಸಂಸ್ಥೆಯೇ ಹಳೆಯ ದಿನಾಂಕದೊಡನೆ ಹೊರತಂದ ಸಾಚಾ ಪ್ರತಿ ಅದು. ನಮ್ಮ ಪರಿಭಾಷೆಯಲ್ಲಿ ಇದಕ್ಕೆ ಸರಿಯಾದ ಹೆಸರಿಲ್ಲ. ನಾನು ವರ್ಣನೆಯಲ್ಲಿ "ದಿನಾಂಕ 1910, ಅಚ್ಚು 1918ರ ಅನಂತರ" ಎಂದಷ್ಟೇ ಬರೆದಿದ್ದೇನೆ. ನೋಟುಗಳನ್ನು ವರ್ಣಿಸುವವರು ಈ ಎರಡನ್ನೂ ಬೇರೆಬೇರೆಯಾಗಿ ದಾಖಲಿಸುವುದು ಅಗತ್ಯ.

ಹಾಗಾದರೆ ಕುಟುಂಬದ ಕಥೆ ಏನಾಯಿತು? ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಕೆಲಸ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬವರಿಂದ ಆರಂಭವಾಯಿತು. 1841ರಲ್ಲಿ ಮುದ್ರಣಾಲಯ, 1843ರಲ್ಲಿ ಮೋಗ್ಲಿಂಗರ 'ಮಂಗಳೂರ ಸಮಾಚಾರ', 1865ರಲ್ಲಿ ಪ್ಲೆಬ್‌ಸ್ಟ್ ಎಂಬವರಿಂದ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ, 1894ರಲ್ಲಿ ಕಿಟೆಲರ ನಿಘಂಟು: ಇವೆಲ್ಲ ಓದುಗರಿಗೆ ತಿಳಿದ ವಿಷಯಗಳು. ಮಿಶನ್ನಿನ ಕೇಂದ್ರ ಸ್ವಿಟ್ಜರ್‌ಲೆಂಡಿನಲ್ಲಿದ್ದರೂ ಇಲ್ಲಿ ದುಡಿದವರಲ್ಲಿ ಅನೇಕರು ವ್ಯುರ್ಟೆಂಬರ್ಗ್ ಮೊದಲಾದ ಜರ್ಮನ್ ಪ್ರಾಂತಗಳವರು. 1914ರ ಯುದ್ಧದಲ್ಲಿ ಅವರು ಶತ್ರುರಾಷ್ಟ್ರದ ಪ್ರಜೆಗಳಾದರು. ಹಲವರನ್ನು ಅಹ್ಮದನಗರದ ಶಿಬಿರದಲ್ಲಿ ಇರಿಸಲಾಯಿತು. ಇಂದು ಅಹಿಲ್ಯಾನಗರವೆಂದು ಕರೆಯಲಾಗುವ ಆ ಊರು ಪಿಂಪ್ರಿ-ಚಿಂಚವಾಡದಿಂದ ಕೆಲವು ಗಂಟೆಗಳ ದಾರಿ. 1915-16ರಲ್ಲಿ 'ಗೋಲ್ಕೊಂಡ' ಎಂಬ ಹಡಗಿನಲ್ಲಿ ಜರ್ಮನ್ ಮಿಶನರಿಗಳನ್ನೂ ಅವರ ಕುಟುಂಬಗಳನ್ನೂ ಯುರೋಪಿಗೆ ಕಳುಹಿಸಲಾಯಿತು. ಕಾರ್ಖಾನೆಗಳು ಯುದ್ಧಾನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಜರ್ಮನ್ ಮಿಶನರಿಗಳಿಗೆ ಯುದ್ಧ ಮುಗಿದ ಮೇಲೆಯೂ ಹಲವು ವರ್ಷ ಮರಳಿಬರಲು ಅನುಮತಿ ಇರಲಿಲ್ಲ.

1918ರ ಅನಂತರ ಅಚ್ಚಾದ ನೋಟನ್ನು 1914 ಅಥವಾ 1915ರಲ್ಲಿ ಮಂಗಳೂರಿನಲ್ಲಿ ಯಾರೂ ಯಾರ ಕೈಯಲ್ಲೂ ಇಟ್ಟಿರಲಾರರು. ಕಥೆಯಲ್ಲಿ ಇನ್ನೊಂದು ತೊಡಕೂ ಇದೆ. ಯುದ್ಧಪೂರ್ವದ ದರದಂತೆ ಒಂದು ಪೌಂಡಿಗೆ ಇಪ್ಪತ್ತು ಮಾರ್ಕ್‌ಗಿಂತ ತುಸು ಹೆಚ್ಚು, ಒಂದು ಪೌಂಡಿಗೆ ಹದಿನೈದು ರೂಪಾಯಿ. ಸಾವಿರ ಮಾರ್ಕ್ ಎಂದರೆ ಸುಮಾರು 730 ರೂಪಾಯಿ. ಒಬ್ಬ ಗುಮಾಸ್ತನ ಕೆಲವು ವರ್ಷಗಳ ಸಂಬಳವಾಗುವ ಈ ಮೊತ್ತವನ್ನು ಸೆರೆಗೆ ಹೊರಟ ಪಾದ್ರಿ ಬಿಟ್ಟುಕೊಟ್ಟರೆಂಬುದು ನಂಬಲು ಕಷ್ಟ.

ಇಷ್ಟಕ್ಕೆ ಕಥೆಯನ್ನು ಸುಳ್ಳೆಂದು ತಳ್ಳಿಹಾಕಬಹುದಾಗಿತ್ತು. ನಾನು ಹಾಗೆ ಮಾಡದಿರಲು ಕಾರಣ ಕಥೆಯ ಒಂದೇ ಒಂದು ಮಾತು. ಯಾರು ಒಯ್ದು ಕೊಟ್ಟರೂ ಹಣ ಕೊಡುತ್ತಾರೆ, ಹೆಸರು ಕೇಳುವುದಿಲ್ಲ ಎಂದು ಆ ತಾಯಿ ಹೇಳಿದುದು ನೋಟಿನ ಮೇಲಿನ ಜರ್ಮನ್ ಒಕ್ಕಣೆಯ ಹೆಚ್ಚುಕಡಿಮೆ ಸರಿಯಾದ ಅನುವಾದ. ಆಕೆಗಾಗಲಿ ಆಕೆಯ ಮಕ್ಕಳಿಗಾಗಲಿ ಜರ್ಮನ್ ತಿಳಿಯದು. ಗಾಥಿಕ್ ಲಿಪಿಯಂತೂ ಇಂದಿನ ಜರ್ಮನರಿಗೇ ತಡವರಿಸುವಂತೆ ಮಾಡುತ್ತದೆ. ಅಂದರೆ ಎಂದೋ ಒಮ್ಮೆ ಜರ್ಮನ್ ಬಲ್ಲವರೊಬ್ಬರು ಈ ನೋಟನ್ನು ಓದಿ ಕನ್ನಡದಲ್ಲೋ ತುಳುವಿನಲ್ಲೋ ಆ ಕುಟುಂಬಕ್ಕೆ ಅರ್ಥ ಹೇಳಿದ್ದಾರೆ, ಅಥವಾ ಬರೆದು ತಿಳಿಸಿದ್ದಾರೆ. ಆ ವಾಕ್ಯ ಬಾಯಿಂದ ಬಾಯಿಗೆ ಮೂರು ತಲೆಮಾರು ಕೆಡದೆ ಬಂದಿದೆ. ಸಂದರ್ಭ ಮಾತ್ರ ಹಿಂದಕ್ಕೆ ಸರಿದು ಯುದ್ಧದ ಬಂಧನದ ದೃಶ್ಯಕ್ಕೆ ಅಂಟಿಕೊಂಡಿದೆ. ಮೌಖಿಕ ಪರಂಪರೆಯಲ್ಲಿ ಮಾತು ಉಳಿದು ಕಾಲ ಪಲ್ಲಟಗೊಳ್ಳುವುದು ನಮ್ಮ ಸ್ಥಳಪುರಾಣಗಳಲ್ಲಿಯೂ ಕಾಣುವ ಸಂಗತಿ.

ಹಾಗೆ ಓದಿ ಹೇಳಿದವರು ಯಾರಿರಬಹುದು? ಪಿಂಪ್ರಿಯಲ್ಲಿ ಜರ್ಮನರ ಓಡಾಟಕ್ಕೆ ಕೊರತೆಯಿರಲಿಲ್ಲ. ಟೆಲ್ಕೊ ಸಂಸ್ಥೆಗೆ 1954ರಿಂದ 1969ರವರೆಗೆ ಡೈಮ್ಲರ್-ಬೆಂಜ್ ಸಹಯೋಗವಿತ್ತು. ಬಜಾಜ್ ಟೆಂಪೊ 1958ರಲ್ಲಿ ಹ್ಯಾಂಬರ್ಗಿನ ಟೆಂಪೊ ವಾಹನಗಳ ತಯಾರಕರ ಪರವಾನಗಿಯಿಂದ ಹುಟ್ಟಿದುದು. 1990ರ ದಶಕದ ಮಧ್ಯದಲ್ಲಿ ಮರ್ಸಿಡಿಸ್-ಬೆಂಜ್ ಕಾರುಗಳ ಜೋಡಣೆಯೂ ಇಲ್ಲಿಯೇ ನಡೆಯಿತು, 2009ರಲ್ಲಿ ಚಾಕಣಕ್ಕೆ ಹೋಯಿತು. ಜರ್ಮನಿಯ ಮನೆಮನೆಗಳಲ್ಲಿ ಬಿದ್ದಿದ್ದ ಇಂಥ ನೋಟನ್ನು ಒಬ್ಬ ತಂತ್ರಜ್ಞ ಸಹೋದ್ಯೋಗಿಗೆ ನೆನಪಿಗಾಗಿ ಕೊಟ್ಟನೆಂದು ಊಹಿಸುವುದು ಸುಲಭ. ಆದರೆ ಆ ತಾಯಿ ಈ ಊಹೆಯನ್ನು ಒಪ್ಪಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ, ಪಿಂಪ್ರಿಗೆ ಬರುವ ಮೊದಲೇ, ಮಂಗಳೂರಿನ ಮನೆಯಲ್ಲಿ ಅತ್ತೆಯವರ ಪೆಟ್ಟಿಗೆಯಲ್ಲಿ ಇದನ್ನು ಕಂಡಿದ್ದೆನೆಂದು ಖಚಿತವಾಗಿ ಹೇಳಿದರು. ಈ ಸಾಕ್ಷ್ಯವನ್ನು ನಾನು ಮಾನ್ಯಮಾಡುತ್ತೇನೆ. ಆಕೆಗೆ ಇದರಿಂದ ಲಾಭವೇನೂ ಇಲ್ಲ, ಮೇಲಾಗಿ ಪೆಟ್ಟಿಗೆಯ ಬಣ್ಣವನ್ನೂ ಅದರಲ್ಲಿದ್ದ ಇತರ ವಸ್ತುಗಳನ್ನೂ ಆಕೆ ಕೇಳದೆಯೇ ವಿವರಿಸಿದರು.

ಉಳಿಯುವುದು ಅಂಚೆಯ ದಾರಿ. ಊರಿಗೆ ಕಳುಹಿಸಲ್ಪಟ್ಟ ಮಿಶನರಿಗಳು ಮಂಗಳೂರಿನ ತಮ್ಮ ಹಳೆಯ ಪರಿಚಿತರಿಗೆ ಪತ್ರ ಬರೆದಿರಬಹುದು. ನಡುವೆ ಒಂದೇ ಸಲ ಮಡಿಸಿದ ನೋಟು ಸುಮಾರು 94 ಮಿಲಿಮೀಟರ್ ಅಗಲಕ್ಕೆ ಇಳಿದು ಪತ್ರದ ಲಕೋಟೆಯಲ್ಲಿ ಸುಲಭವಾಗಿ ಹಿಡಿಸುತ್ತದೆ. ಗುಂಡುಸೂಜಿಯ ತುಕ್ಕು ಒಂದು ಕಾಗದಕ್ಕೆ ಚುಚ್ಚಿಟ್ಟುದನ್ನು ಸೂಚಿಸುತ್ತದೆ. ಬೆರಳಿನ ಜಿಡ್ಡಿಲ್ಲದಿರುವುದು ಅದು ಹೆಚ್ಚು ಚಲಾವಣೆಯಾಗಲಿಲ್ಲವೆಂಬುದನ್ನು ತಿಳಿಸುತ್ತದೆ. ಇವು ಮೂರೂ ಸೇರಿದರೆ ಪತ್ರದೊಡನೆ ಬಂದ ನೋಟು ಎಂಬುದು ಹೆಚ್ಚು ಸಂಭಾವ್ಯವಾಗುತ್ತದೆ, ಸಿದ್ಧವಾಗುವುದಿಲ್ಲ.

ಪತ್ರದಲ್ಲಿ ಅಂಥ ದೊಡ್ಡ ನೋಟನ್ನು ಯಾರಾದರೂ ಕಳುಹಿಸುತ್ತಾರೆಯೆ ಎಂದು ಕೇಳಬಹುದು. ಅದಕ್ಕೆ ಉತ್ತರ ಆ ವರ್ಷಗಳ ಜರ್ಮನಿಯಲ್ಲಿದೆ. 1914ರ ಆಗಸ್ಟಿನಲ್ಲಿ ನೋಟಿಗೆ ಚಿನ್ನ ಕೊಡುವ ಹೊಣೆಯನ್ನು ಕಾನೂನಿನಿಂದ ಕೈಬಿಡಲಾಯಿತು. ಯುದ್ಧಕ್ಕೆ ಮುನ್ನ ಒಂದು ಡಾಲರಿಗೆ 4.2 ಮಾರ್ಕ್ ಇದ್ದುದು 1923ರ ನವೆಂಬರ್ 20ರಂದು 4.2 ಲಕ್ಷ ಕೋಟಿ ಮಾರ್ಕ್ ಆಯಿತು. ಅದೇ ದಿನ ಹಾವೆನ್‌ಸ್ಟೈನ್ ತೀರಿಕೊಂಡನು. ಬರ್ಲಿನ್ನಿನಲ್ಲಿ ಒಂದು ರೊಟ್ಟಿಯ ಬೆಲೆ ಸುಮಾರು ಇಪ್ಪತ್ತು ಸಾವಿರ ಕೋಟಿ ಮಾರ್ಕಿನವರೆಗೂ ಏರಿತು. 1922ರ ದಿನಾಂಕವುಳ್ಳ ಬೇರೊಂದು ಸಾವಿರ ಮಾರ್ಕಿನ ನೋಟಿನ ಮೇಲೆ ಕೆಂಪು ಅಕ್ಷರಗಳಲ್ಲಿ ನೂರು ಕೋಟಿ ಮಾರ್ಕ್ ಎಂದು ಮೇಲಚ್ಚು ಹಾಕಿ ಹೊರಬಿಟ್ಟರು. ಊರೂರಿನ ಪುರಸಭೆಗಳು ತಮ್ಮ ತಮ್ಮ ತುರ್ತುಹಣವನ್ನು ಅಚ್ಚು ಹಾಕಿಕೊಂಡವು, ಬೀಲೆಫೆಲ್ಡ್ ಎಂಬ ನೇಯ್ಗೆಯ ಊರು ರೇಷ್ಮೆ ಬಟ್ಟೆಯ ಮೇಲೂ ಅಚ್ಚು ಹಾಕಿಸಿತು. 1923ರ ನವೆಂಬರ್ 15ರಂದು ಬಂದ ರೆಂಟೆನ್‌ಮಾರ್ಕ್ ಒಂದಕ್ಕೆ ಹಳೆಯ ಮಾರ್ಕ್ ಒಂದು ಲಕ್ಷ ಕೋಟಿ. ಅಂಥ ಕಾಲದಲ್ಲಿ ಸಾವಿರದ ನೋಟು ಲಕೋಟೆಯ ಅಂಚೆಚೀಟಿಗಿಂತ ಅಗ್ಗ. ಕಳುಹಿಸಿದವರ ಮನಸ್ಸಿನಲ್ಲಿ ಇದ್ದುದು ದಾನವೋ, ತಮ್ಮ ದೇಶದ ದುರವಸ್ಥೆಯ ಒಂದು ಗುರುತೋ? ಎರಡನೆಯದೇ ಇರಬೇಕೆಂದು ನನಗೆ ತೋರುತ್ತದೆ. ಒಕ್ಕಣೆಯ ಅರ್ಥವನ್ನು ಬರೆದು ತಿಳಿಸಿದವರು ಅದರಲ್ಲಿದ್ದ ವ್ಯಂಗ್ಯವನ್ನೂ ಉದ್ದೇಶಿಸಿದ್ದರೆ, ಆ ವ್ಯಂಗ್ಯ ಮಂಗಳೂರಿಗೆ ತಲುಪಲಿಲ್ಲ, ಭರವಸೆ ಮಾತ್ರ ತಲುಪಿತು.

ಈ ಕಾಲದ ನೋಟುಗಳನ್ನು ವರ್ಣಿಸುವವರು ಸಂಖ್ಯಾವಾಚಕಗಳಲ್ಲಿ ಎಚ್ಚರ ವಹಿಸಬೇಕು. ಜರ್ಮನ್ನಿನ ಮಿಲಿಯಾರ್ಡೆ ನಮ್ಮ ನೂರು ಕೋಟಿ. ಬಿಲಿಯೋನ್ ನಮ್ಮ ಲಕ್ಷ ಕೋಟಿ. ಈಗ ಇಂಗ್ಲಿಷಿನಲ್ಲಿ ಬಿಲಿಯನ್ ಎನ್ನುವುದು ನೂರು ಕೋಟಿಯಾದುದರಿಂದ ಅದನ್ನು ನೋಡಿ ಅನುವಾದಿಸಿದರೆ ಸಾವಿರ ಪಟ್ಟು ತಪ್ಪಾಗುತ್ತದೆ. ನಾನು ನೋಡಿದ ಒಂದೆರಡು ಖಾಸಗಿ ಪಟ್ಟಿಗಳಲ್ಲಿ ಈ ತಪ್ಪು ಆಗಿಯೇ ಇದೆ. ಪ್ರಾಸಂಗಿಕವಾಗಿ ಒಂದು ಮಾತು: ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು 'ಗಣಿತಸಾರಸಂಗ್ರಹ'ದಲ್ಲಿ ಇಪ್ಪತ್ತನಾಲ್ಕು ಸ್ಥಾನಗಳಿಗೆ ಹೆಸರು ಹೇಳಿದ್ದಾನೆ. ಅವನ ಎಣಿಕೆಯಲ್ಲಿ ಹದಿಮೂರನೆಯ ಸ್ಥಾನ ಖರ್ವ, ಹದಿನೈದನೆಯದು ಪದ್ಮ. ಜರ್ಮನ್ನಿನ ಒಂದು ಬಿಲಿಯೋನ್ ಸರಿಯಾಗಿ ಒಂದು ಖರ್ವ. 1924ರ ಫೆಬ್ರವರಿ 15ರ ದಿನಾಂಕದ ನೂರು ಬಿಲಿಯೋನ್ ಮಾರ್ಕಿನ ನೋಟು ಒಂದು ಪದ್ಮ. ಗದ್ಯಾಣ, ಪಣ, ಹಾಗ, ವೀಸಗಳಲ್ಲಿ ವ್ಯವಹರಿಸುತ್ತಿದ್ದ ನಾಡಿನ ಗಣಿತಜ್ಞನಿಗೆ ಈ ಸ್ಥಾನಗಳು ಹಣದ ಲೆಕ್ಕಕ್ಕೆ ಬೇಕಾಗಿರಲಿಲ್ಲ.

ಬೆಲೆಯ ಮಾತು ಉಳಿಯಿತು. ಹಳೆಯ ಮಾರ್ಕಿನ ನೋಟುಗಳ ಕಾನೂನುಬದ್ಧ ಚಲಾವಣೆ 1925ರಲ್ಲಿ ಕೊನೆಗೊಂಡಿತು. ಯುದ್ಧಪೂರ್ವದ ಕೆಂಪು ಮುದ್ರೆಯ ನೋಟುಗಳನ್ನು ಕೂಡಿಟ್ಟಿದ್ದ ಜರ್ಮನರು ತಮಗಾದರೂ ಪೂರ್ಣ ಬೆಲೆ ಸಿಗಬೇಕೆಂದು ಸಂಘ ಕಟ್ಟಿ ಹೋರಾಡಿದರೂ ಫಲ ಸಿಗಲಿಲ್ಲ. ಇಂದು ಯಾವ ಜರ್ಮನ್ ಬ್ಯಾಂಕೂ ಇದಕ್ಕೆ ಹಣ ಕೊಡದು. ಸಂಗ್ರಾಹಕರ ಪೇಟೆಯಲ್ಲಿಯೂ ಹಸಿರು ಮುದ್ರೆಯ ಸಾವಿರದ ನೋಟು ಅಪರೂಪದ ವಸ್ತುವಲ್ಲ. ಅಪಾರ ಸಂಖ್ಯೆಯಲ್ಲಿ ಅಚ್ಚಾಗಿ ಅಪಾರ ಸಂಖ್ಯೆಯಲ್ಲಿಯೇ ಉಳಿದಿದೆ. ಕೆಲವು ನೂರು ರೂಪಾಯಿಗಿಂತ ಹೆಚ್ಚನ್ನು ನಿರೀಕ್ಷಿಸುವಂತಿಲ್ಲ.

ಇದನ್ನು ಆ ಮನೆಗೆ ಹೋಗಿ ಹೇಳುವುದು ವರ್ಣನೆಯನ್ನು ಬರೆದಷ್ಟು ಸುಲಭವಾಗಿರಲಿಲ್ಲ. ಪತ್ರ ಬರೆದು ಮುಗಿಸೋಣವೆಂದು ಒಮ್ಮೆ ಯೋಚಿಸಿದ್ದೂ ಉಂಟು. ಮುಂದಿನ ಬಾರಿ ಪುಣೆಗೆ ಹೋದಾಗ ಹೋಗಿ ಕುಳಿತು ಎಲ್ಲವನ್ನೂ ಹೇಳಿದೆನು. ಮಗನಿಗೆ ಬೇಸರವಾದುದು ಕಾಣುತ್ತಿತ್ತು. ತಾಯಿ ಬೆಲೆಯ ಮಾತನ್ನು ಗಮನಿಸಿದಂತೆ ತೋರಲಿಲ್ಲ. "ಹಾಗಾದರೆ ಅವರು ಊರಿಗೆ ಹೋದ ಮೇಲೆಯೂ ನಮ್ಮವರನ್ನು ಮರೆತಿರಲಿಲ್ಲ ಅಂತಾಯಿತಲ್ಲ" ಎಂದರು. ಪತ್ರದ ದಾರಿ ನನ್ನ ಊಹೆಯೇ ಹೊರತು ನಿರ್ಣಯವಲ್ಲವೆಂದು ನಾನು ಮತ್ತೆ ಹೇಳಬೇಕಾಯಿತು. ಹೇಳಿದೆನು. ಆಕೆ ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯದು.

ನೋಟನ್ನು ಈಗ ಆಮ್ಲರಹಿತ ಕಾಗದದಲ್ಲಿ ಸುತ್ತಿ, ಮಡಿಕೆ ಬಿಡಿಸಿ, ಚಪ್ಪಟೆಯಾಗಿ ಇಡಲಾಗಿದೆ. ಜೊತೆಗೆ ಎರಡು ಚೀಟಿಗಳಿವೆ. ಒಂದರಲ್ಲಿ ಮೇಲಿನ ವರ್ಣನೆ. ಇನ್ನೊಂದರಲ್ಲಿ ಕುಟುಂಬದ ಕಥೆ, ಆ ತಾಯಿ ಹೇಳಿದ ಮಾತುಗಳಲ್ಲಿಯೇ, ಹೇಳಿದ ದಿನಾಂಕದೊಡನೆ, ತಿದ್ದುಪಡಿ ಇಲ್ಲದೆ. ವಸ್ತು ಒಂದನ್ನು ಹೇಳಿ ಪರಂಪರೆ ಇನ್ನೊಂದನ್ನು ಹೇಳಿದಾಗ ಎರಡನ್ನೂ ಒಂದೇ ಚೀಟಿಯಲ್ಲಿ ಬೆರೆಸದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಬೇರೆ ನಗರಗಳಲ್ಲಿ ಬಾಸೆಲ್ ಮಿಶನ್ ಪರಂಪರೆಯ ಕುಟುಂಬಗಳನ್ನು ಬಲ್ಲ ಸಂಶೋಧಕರು ಇಂಥ ನೋಟುಗಳು ಕಂಡುಬಂದಲ್ಲಿ ಮುದ್ರೆಯ ಬಣ್ಣ, ಮಡಿಕೆಗಳ ಸಂಖ್ಯೆ, ಸೂಜಿಯ ಗುರುತು ಇವನ್ನು ಗುರುತಿಸಿಕೊಂಡು ಪೀಠಕ್ಕೆ ತಿಳಿಸಬೇಕೆಂದು ವಿನಂತಿ. ಪತ್ರದೊಡನೆ ಬಂದ ಇನ್ನೊಂದು ನೋಟು, ಪತ್ರದ ಸಹಿತ, ಎಲ್ಲಿಯಾದರೂ ಸಿಕ್ಕಿದರೆ ಈ ಊಹೆಗೆ ಬಲ ಬರುತ್ತದೆ ಅಥವಾ ಅದು ಬಿದ್ದುಹೋಗುತ್ತದೆ.

ನನ್ನ ಕಡೆಯಿಂದ ಆದ ಒಂದು ಲೋಪವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನೋಟನ್ನು ಅಷ್ಟು ಎಚ್ಚರದಿಂದ ಅಳೆದ ನಾನು ಅದು ಇದ್ದ ಗೀತಪುಸ್ತಕದ ಮುದ್ರಣವರ್ಷವನ್ನು ಬರೆದುಕೊಳ್ಳಲು ಮರೆತೆನು. ಪುಸ್ತಕ ಯುದ್ಧಪೂರ್ವದ್ದೋ ಅನಂತರದ್ದೋ ಎಂಬುದು ಈ ಚರ್ಚೆಗೆ ಬೇಕಾದ ಸಂಗತಿ. ವಿಚಾರಿಸಿ ಬರೆದಾಗ, ಮೊದಲ ನಾಲ್ಕು ಹಾಳೆಗಳು ಮಂಗಳೂರಿನ ಮನೆಯಲ್ಲಿದ್ದಾಗಲೇ ಗೆದ್ದಲು ತಿಂದು ಹೋಗಿವೆಯೆಂದು ಮಗನಿಂದ ಉತ್ತರ ಬಂದಿದೆ.